ಬಾಲದ ಗಾಡಿ

ಹನ್ನೆರಡು ಹಳೆ ಕಾರು. ಹದಿಮೂರನೆಯದು ನನ್ನ ಟೆಂಪೊ.
ನಾನಾ ಪೇಠೆಯಲ್ಲಿ ನಸುಕಿಗೇ ತುಂಬಿದ್ದು:
ಫ್ಯಾನ್ ಬೆಲ್ಟು ಆರು, ಪ್ಲಗ್ಗು ಒಂದು ಡಬ್ಬಿ,
ಪಾಯಿಂಟು ತಿಕ್ಕಲು ಉಪ್ಪುಕಾಗದ,
ಹಗ್ಗ, ಜಾಕು, ಎರಡು ಕ್ಯಾನು ನೀರು.
ಒಂದು ಕ್ಯಾನು ಸೋರುತ್ತಿತ್ತು. ಅದು ಆಮೇಲೆ ಗೊತ್ತಾಯಿತು.

ಚಾಂದಣಿ ಚೌಕದಲ್ಲಿ ಕರ್ನಲ್ ಘಾರ್ಪುರೆ
ಸೀಟಿ ಊದಿ ನಿಯಮ ಹೇಳಿದರು:
ಯಾರೂ ಯಾರನ್ನೂ ದಾಟಬಾರದು,
ಹಿಂದಿನವರ ದೀಪ ಕನ್ನಡಿಯಲ್ಲಿ ಕಾಣುತ್ತಿರಬೇಕು.
ನಾನೂ ಕನ್ನಡಿ ಒರೆಸಿಕೊಂಡೆ.
ಅದರಲ್ಲಿ ರಸ್ತೆಯಷ್ಟೇ ಇತ್ತು.

ಪೌಡ್ ದಾಟಿದ ಮೇಲೆ ಗುಡ್ಡವೆಲ್ಲ ಹಳದಿ.
ಸೋನಕಿ ಹೂವು ಅನ್ನುತ್ತಾರೆ ಈ ಕಡೆ.
ಅವರು ಅದನ್ನು ನೋಡಲೆಂದೇ ಬಂದವರು.
ನಾನು ನೋಡಿದ್ದು ಹೊಗೆಯ ಬಣ್ಣ:
ನೀಲಿಯಾದರೆ ಎಣ್ಣೆ ಕುಡಿಯುತ್ತಿದೆ,
ಕರಿಯಾದರೆ ಪೆಟ್ರೋಲು ಅಜೀರ್ಣ,
ಬಿಳಿಯಾದರೆ ದೇವರೇ ಗತಿ.

ಬಾಲದ ಗಾಡಿಗೆ ಸಿಗುವ ಊರೇ ಬೇರೆ.
ಬೇಲಿಯ ಮೇಲೆ ಕೂತ ಹುಡುಗರು
ಬೀಸಿದ ಕೈ ಆಗಲೇ ಇಳಿಸಿರುತ್ತಾರೆ.
ಬದಿಗೆ ಸರಿದಿದ್ದ ಎಮ್ಮೆಗಳು
ಮತ್ತೆ ನಡುರಸ್ತೆಗೆ ಬಂದು
ತಮ್ಮ ಜಾಗ ಹಿಡಿದಿರುತ್ತವೆ.
ಹೊಸ್ತಿಲಿಗೆ ಬಂದಿದ್ದ ಮುದುಕಿ ಒಳಗೆ ತಿರುಗಿರುತ್ತಾಳೆ,
ಕಾಣುವುದು ಹಸಿರು ಕಚ್ಚೆಸೀರೆಯ ಬೆನ್ನು.
ಒಬ್ಬ ಪೋರ ಮಾತ್ರ ಎಣಿಸುತ್ತ ನಿಂತಿದ್ದ,
ನನ್ನ ಟೆಂಪೊ ಕಂಡು
ಬೆರಳು ಮಡಚಲೋ ಬೇಡವೋ ಎಂದು ಅನುಮಾನಿಸಿದ.

ತಾಮ್ಹಿಣಿ ಘಾಟು ಶುರುವಾದಲ್ಲಿ
ಹನ್ನೆರಡನೆಯದು, ಖೋರ್ಶೆದ್‌ಬಾಯಿಯ ಕೆನೆಬಣ್ಣದ ಫಿಯಟ್ಟು,
ಕೆಮ್ಮಿತು, ಬಿಕ್ಕಿತು, ನಿಂತಿತು.
ನಿಯಮದ ಪ್ರಕಾರ ಮುಂದಿನವನ ಕನ್ನಡಿ ಖಾಲಿಯಾಗಬೇಕು,
ಅವನು ನಿಲ್ಲಬೇಕು, ಅವನ ಮುಂದಿನವನು ನಿಲ್ಲಬೇಕು.
ಅವನು ಹೂವು ನೋಡುತ್ತಿದ್ದ.

ಎಪ್ಪತ್ತಾರರ ಆಕೆ ಕೈಗವಸು ಬಿಚ್ಚಿ
ಬಾನೆಟ್ಟಿನ ಮೇಲೆ ಜೋಡಿಸಿಟ್ಟು ಕೇಳಿದಳು,
‘ಏನಾಯ್ತು ದೀಕ್ರಾ, ಹೃದಯವೇ?’
‘ಅಲ್ಲ ಬಾಯಿ, ಜ್ವರ.
ಪಂಪಿನೊಳಗೆ ಪೆಟ್ರೋಲು ಕುದ್ದಿದೆ.
ಹಣೆಗೆ ಹಾಕಿದ ಹಾಗೆ ಒದ್ದೆಬಟ್ಟೆ ಹಾಕಿ ಕಾಯಬೇಕು.’
ಕ್ಯಾನು ಎತ್ತಿದೆ. ಹಗುರ.
ಇನ್ನೊಂದನ್ನು ಪೌಡಿನಲ್ಲೇ
ಕರ್ನಲರ ರೇಡಿಯೇಟರು ಮುಗಿಸಿತ್ತು.

ಆಗ ಇಳಿಜಾರಿನಿಂದ ಹತ್ತಿ ಬಂದಳೊಬ್ಬಳು,
ತಲೆಯ ಮೇಲೆ ಎರಡು ಕೊಡ, ಒಂದರ ಮೇಲೊಂದು.
ಕೇಳುವ ಮೊದಲೇ ಇಳಿಸಿದಳು.
ಖೋರ್ಶೆದ್‌ಬಾಯಿಯ ಇಸ್ತ್ರಿ ಮಾಡಿದ ಕರವಸ್ತ್ರ
ತಾನೇ ಅದ್ದಿ, ತಾನೇ ಹಿಂಡಿ,
ಎಲ್ಲಿ ಹಾಕಬೇಕೆಂದು ನನ್ನ ಮುಖ ನೋಡಿದಳು.
ಚುಯ್ ಎಂದಿತು. ಮೂವರೂ ಕಾದೆವು.

‘ಎಲ್ಲಿಗೆ ಇಷ್ಟೊಂದು ಗಾಡಿ? ಮದುವೆಯೇ?’
‘ಅಲ್ಲ.’
‘ಯಾರಾದರೂ ಹೋದರೇ?’
‘ಇಲ್ಲವ್ವ.’
‘ಮತ್ತೆ?’
ನನ್ನ ಮರಾಠಿಯಲ್ಲಿ ಅದಕ್ಕೆ ಬೇರೆ ಮಾತಿರಲಿಲ್ಲ:
‘ಸುಮ್ಮನೆ. ಹೋಗಿ ಬರುವುದು.’
ಅವಳು ನಕ್ಕಳು, ಸೆರಗು ಬಾಯಿಗಿಟ್ಟು.
‘ನಾನೂ ದಿನಕ್ಕೆ ನಾಲ್ಕು ಸಲ ಹೋಗಿ ಬರುತ್ತೇನೆ, ಝರಿಗೆ.
ಒಬ್ಬರೂ ಸೀಟಿ ಊದಿಲ್ಲ.’

ಅಕ್ಕಲಕೋಟೆಯಲ್ಲಿ ನಮ್ಮವ್ವ
ಹೊಸ್ತಿಲು ದಾಟುವವರನ್ನು ತಡೆದು ತಿದ್ದುತ್ತಿದ್ದಳು:
‘ಹೋಗ್ತೀನಿ ಅನಬ್ಯಾಡೊ, ಹೋಗಿ ಬರ್ತೀನಿ ಅನ್ನು.’
ಹಿತ್ತಲಿಗೆ ಹೊರಟರೂ ಬಿಡುತ್ತಿರಲಿಲ್ಲ.
ಪೆಟ್ರೋಲು ಸುಟ್ಟು ಇಷ್ಟು ಜನ
ಆ ಮಾತನ್ನೇ ಚಾಚೂ ತಪ್ಪದೆ ನಡೆಸುತ್ತಿದ್ದಾರೆಂದರೆ
ಏನನ್ನುತ್ತಿದ್ದಳೋ.

ಮೂರನೇ ಸಲಕ್ಕೆ ಎಂಜಿನ್ನು ಹಿಡಿಯಿತು.
ಕೊಡ ತಲೆಗೇರಿತು, ಮೇಲಿನದು ಅರ್ಧ.
ಇನ್ನೊಂದು ಸಲ ಇಳಿಯಬೇಕು ಅವಳು, ನಮ್ಮ ಲೆಕ್ಕಕ್ಕೆ.
ಖೋರ್ಶೆದ್‌ಬಾಯಿ ಪರ್ಸು ತೆಗೆದಳು,
ಆಕೆಯ ಮುಖ ನೋಡಿ ಮತ್ತೆ ಮುಚ್ಚಿದಳು.
ಆ ಒದ್ದೆ ಕರವಸ್ತ್ರ ಅಲ್ಲೇ ಪಂಪಿಗಂಟಿಕೊಂಡಿತ್ತು.

‘ಈಗ ನೀನು ಮುಂದೆ ಹೋಗು,’ ಅಂದಳು ನನಗೆ.
‘ಹಿಂದಿನಿಂದ ಹೇಗೆ ಕಾಣುತ್ತದೋ ನೋಡುತ್ತೇನೆ.’
ಅವಳ ಜ್ವರ ಮರುಕಳಿಸಿದರೆ ಎಂಬ ಭಯಕ್ಕೆ
ಘಾಟಿನ ಅಷ್ಟೂ ತಿರುವಿನಲ್ಲಿ
ನಾನು ಕನ್ನಡಿಯನ್ನೇ ನೋಡಿದೆ:
ಎರಡು ದುಂಡು ದೀಪ, ಕೆನೆಬಣ್ಣದ ಮೂತಿ,
ಗಾಜಿನಾಚೆ ಎತ್ತರವಿಲ್ಲದ ಒಂದು ನೆರೆತ ತಲೆ.

ಕೆಳಗಿನ ಚಹಾದಂಗಡಿಯಲ್ಲಿ ಹನ್ನೊಂದು ಗಾಡಿ
ಸಾಲಾಗಿ ಬಾಯಿ ತೆರೆದು ತಣಿಯುತ್ತಿದ್ದವು.
ಹೂವು ಬಹಳ ಚೆನ್ನಾಗಿತ್ತಂತೆ.